ಅತ್ತೆಯ ದೀಪಗಳು, ಮೂರನೇ ವಾಲ್ವ್

ನವೆಂಬರ್ 4, ಬೆಳಿಗ್ಗೆ

ಕೂಡಿ ಬಂದ ಮಹಾಜನರೇ! ಬಾಯ್ಲರ್ ಮಹಾರಾಜನೇ, ಪಂಪ್ ಮಂತ್ರಿಯೇ, ಸಾಲಾಗಿ ನಿಂತ ಐದು ವಾಲ್ವ್‌ಗಳೇ, ಕಿವಿಗೊಡಿ! ನೆಲಮಾಳಿಗೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿದ್ದೇನೆ. ಹೊರಗೆ ಮೊದಲ ಹಿಮ. ಹೀಟಿಂಗಿನ ಬಸ್ ಲೈನ್ ಸರಿಯಾಗಿದೆ — ಒಂದೇ ಜೋಡಿ ತಂತಿ, ಎಲ್ಲ ಕೋಣೆಗಳೂ ಅದರಲ್ಲೇ ತಂತಮ್ಮ ಬಿಸಿ ಎಷ್ಟೆಂದು ಸಾರುತ್ತವೆ. ಅದನ್ನು ಕೇಳಿ ಸಾಫ್ಟ್‌ವೇರ್ ಆಯಾ ಕೋಣೆಗೆ ಬಿಸಿನೀರು ಬಿಡುವ ವಾಲ್ವನ್ನು ತೆರೆಯುತ್ತದೆ, ಮುಚ್ಚುತ್ತದೆ. ಬೇಸಿಗೆಯಲ್ಲಿ ನಾನೇ ಜೋಡಿಸಿದ್ದು.

ಎಲ್ಲ ಕೋಣೆ ಬೆಚ್ಚಗೆ. ಅತ್ತೆ ಕ್ರೆಸೆಂಜ್ ಅವರದೊಂದು ಬಿಟ್ಟು. ಕೋಟು ತೊಟ್ಟೇ ಕಾಫಿಗೆ ಬಂದರು.

"ಏನಪ್ಪಾ ವೆಂಡೆಲಿನ್, ನಿನ್ನ ಕಂಪ್ಯೂಟರ್ ಬೆಚ್ಚಗಿದ್ಯಾ? ನನ್ನ ಮೂಗು ಉದುರೋ ಹಾಗಿದೆ."

"ನಿಮ್ಮ ಕೋಣೆ ಇಪ್ಪತ್ನಾಲ್ಕು ಡಿಗ್ರಿ ತೋರಿಸ್ತಿದೆ ಅತ್ತೆ!"

"ಹಾಗಾದ್ರೆ ಆ ಡಿಗ್ರೀನೇ ಹೊದ್ಕೊಂಡು ಮಲಗ್ತೀನಿ, ಬಿಡು."

ನವೆಂಬರ್ 5

ಮೂರನೇ ವಾಲ್ವ್ — ಅತ್ತೆಯ ಕೋಣೆಯದು — ಬದಲಿಸಿದೆ. ಪ್ರಯೋಜನ ಶೂನ್ಯ.

ನವೆಂಬರ್ 9, ಮಧ್ಯಾಹ್ನ

ಅತ್ತೆಯ ಪೆಟ್ಟಿಗೆ ಬಾಗಿಲ ಬಳಿ ನಿಂತಿದೆ! ಭಾನುವಾರ ಕುಫ್‌ಸ್ಟೈನ್ ಊರಿಗೆ, ತಮ್ಮ ಕಿರಿಮಗಳ ಮನೆಗೆ ಹೊರಟಿದ್ದಾರೆ.

"ಅಲ್ಲಿ ಸೌದೆ ಒಲೆ ಇದೆ. ಅದಕ್ಕೆ ಲೆಕ್ಕ ಬರಲ್ಲ, ಬಿಸಿ ಕೊಡೋಕೆ ಬರುತ್ತೆ."

ಹೆಂಡತಿ ಹಿಲ್ಟ್ರೂಡ್ ಗುಡುಗಿದಳು: "ಅಮ್ಮ ಹೋದ್ರೆ ವಾಪಸ್ ಬರಲ್ಲ. ನೀನು ಆಮೇಲೆ ವಾಲ್ವ್‌ಗಳ ಜೊತೆ ಕೆಳಗೇ ಉಣ್ಣು."

ಅತ್ತೆ ಇಲ್ಲದ ಮನೆಯೇ… ನನ್ನ ಜೋಕಿಗೆ ಬೈಯುವವರು ಯಾರು?

ನವೆಂಬರ್ 10, ಸಂಜೆ

ಲ್ಯಾಪ್‌ಟಾಪಿನಲ್ಲಿ ಅತ್ತೆಯ ಕೋಣೆಯ ಬಿಸಿಯ ಏರಿಳಿತದ ಗೆರೆ ನೋಡಿದೆ. ತಿಂಗಳ ಮೊದಲ ದಿನದಿಂದ ಮೆಟ್ಟಿಲು ಮೆಟ್ಟಿಲಾಗಿ ಏರಿದೆ. ಮೇಲೆ ಅವರ ಕೋಣೆಗೆ ಓಡಿದೆ. ಮೂಲೆಯಲ್ಲಿ ಶಿಲುಬೆ. ಕೆಳಗಿನ ಹಲಗೆಯಲ್ಲಿ ದೀಪಗಳ ಸಾಲು — ನವೆಂಬರ್, ಸತ್ತವರಿಗಾಗಿ ದೀಪ ಹಚ್ಚುವ ತಿಂಗಳು. ಮಾವ ಆಲೋಯಿಸ್‌ಗೊಂದು, ಅತ್ತೆಯ ಅಕ್ಕನಿಗೊಂದು, ಪಾದ್ರಿಗೊಂದು… ದೀಪಗಳ ನೆತ್ತಿಯ ಮೇಲೇ, ಹಲಗೆ ಖಾಲಿಯಿದ್ದ ಬೇಸಿಗೆಯಲ್ಲಿ ನಾನು ಬಿಗಿದ, ಬಿಸಿ ಅಳೆಯುವ ಸೆನ್ಸರ್! ಅದು "ಸೆಕೆ, ಸೆಕೆ" ಎಂದು ಸಾರುತ್ತದೆ, ವಾಲ್ವ್ ಮುಚ್ಚುತ್ತದೆ. ಚಳಿಯೆಂದು ಅತ್ತೆ ತೀರಿಹೋದ ಮತ್ತೊಬ್ಬರ ಮೊರೆಹೋಗಿ ಮತ್ತೊಂದು ದೀಪ ಹಚ್ಚುತ್ತಾರೆ. ಇನ್ನಷ್ಟು ಚಳಿ!

"ಅತ್ತೆ, ಈ ದೀಪ ಆರಿಸಿದ್ರೆ—"

"ಬಾಯ್ಮುಚ್ಚು. ನಿಮ್ಮ ಮಾವ ಕತ್ತಲೇಲಿ ಕೂರ್ಬೇಕಾ?"

ಕೆಳಗಿಳಿದೆ. ಅವರ ಮಂಚದ ಪಕ್ಕದ ಸ್ವಿಚ್ಚಿನೊಳಗೂ ಒಂದು ಸೆನ್ಸರ್ ಇದೆ, ಪಾಪ, ಅದರ ಮಾತು ಯಾರೂ ಕೇಳುತ್ತಿರಲಿಲ್ಲ. ಸಾಫ್ಟ್‌ವೇರಿನಲ್ಲಿ ಮೂರನೇ ವಾಲ್ವ್‌ಗೆ ಅಪ್ಪಣೆಯಿತ್ತೆ: ಶಿಲುಬೆಯ ಮೂಲೆಯದನ್ನು ಬಿಡು, ಮಂಚದ ಪಕ್ಕದ್ದನ್ನು ಕೇಳು. ಹದಿನಾರು ಡಿಗ್ರಿ! ವಾಲ್ವ್ ಬಾಯ್ತೆರೆಯಿತು. ಕೊಳವೆಯಲ್ಲಿ ನೀರಿನ ಸದ್ದು — ಚಪ್ಪಾಳೆಯಂತೆ.

ನವೆಂಬರ್ 11, ಸಂಜೆ

ಅತ್ತೆ ಕೋಟಿಲ್ಲದೆ ಕಾಫಿಗೆ ಬಂದರು!

"ನಿನ್ನೆ ಆಲೋಯಿಸ್‌ಗೆ ಚೆನ್ನಾಗಿ ಉಗಿದೆ. 'ನಿನ್ನ ಅಳಿಯನ ಕೈಲಾಗಲ್ಲ, ನೀನಾದ್ರೂ ನೋಡು' ಅಂತ. ರಾತ್ರಿಗೆಲ್ಲ ಸರಿಮಾಡ್ಬಿಟ್ಟ."

ಊರಿನ ನಾಟಕದಲ್ಲಿ ಒಂದು ಮಾತೂ ನುಂಗದ ನಾನು ಬಾಯಿ ತೆರೆದೆ. ಮೇಜಿನಡಿ ಹಿಲ್ಟ್ರೂಡಳ ಕಾಲು ಒದೆಯಿತು. ನುಂಗಿದೆ.

"ಮಾವ ಯಾವತ್ತೂ ಕೆಲಸಗಾರರು ಅತ್ತೆ."

"ನೀನೂ ಒದ್ದಾಡಿದೆ, ಪಾಪ. ನಿನಗೂ ಒಂದು ದೀಪ ಹಚ್ಚಿದೀನಿ."

"ನಾನಿನ್ನೂ ಸತ್ತಿಲ್ಲ!"

"ಇರ್ಲಿ, ಮುಂಗಡ."

ಪೆಟ್ಟಿಗೆ ಇನ್ನೂ ಬಾಗಿಲ ಬಳಿಯೇ ಇದೆ. ಮಹಾಜನರೇ, ನಾಳೆ ಬೆಳಿಗ್ಗೆ ಅದನ್ನು ಹೊತ್ತು ಅಟ್ಟಕ್ಕೇರಿಸುತ್ತೇನೆ, ಆಮೇಲೆ ಪೇಟೆಗೆ ಹೋಗಿ ಅತ್ತೆಗೆ ಒಂದು ಡಜನ್ ದೀಪ…