ಅರ್ಧ ಇಳಿಸಿದ ಷಟರ್

12-3-2001, ಸೋಮವಾರ

ಬೆಳಿಗ್ಗೆ ಹತ್ತಕ್ಕೇ ಶೆಡ್ ಒಳಗೆ ನಿಲ್ಲಲಾಗುತ್ತಿಲ್ಲ. ಮೇಲೆ ಸಿಮೆಂಟ್ ಶೀಟು, ಒಳಗೆ ಕಾಯಿಲ್‌ಗೆ ಹಚ್ಚುವ ವಾರ್ನಿಷ್ ವಾಸನೆ, ಮುಂದೆ ಷಟರ್ ಅರ್ಧಕ್ಕಿಂತ ಕೆಳಗೆ. ಕಾರಿಲ್ಲದ ಮನೆಯ ಕಾರ್ ಶೆಡ್ಡು ಇದು. ಒಂದು ಮಿಕ್ಸಿ, ಎರಡು ಫ್ಯಾನಿಗೆ ಹೊಸ ತಂತಿ ಸುತ್ತಿ ಕಾಯಿಲ್ ಕಟ್ಟಿ ಮುಗಿಸುವಷ್ಟರಲ್ಲಿ ತಲೆ ಸುತ್ತು ಬಂತು.

ಹೊರಗೆ ನೆರಳಲ್ಲಿ ಕೂತು ಮಾಡೋಣವೆಂದರೆ ಅತ್ತೆಗೆ ಆಗುವುದಿಲ್ಲ. ಸೊಸೆ ಮೋಟಾರು ಬಿಚ್ಚುವುದನ್ನು ಓಣಿಯ ಜನ ನೋಡಬಾರದಂತೆ. ಇವರು ಕಾರ್ಖಾನೆಯಲ್ಲಿ ವಿಆರ್‌ಎಸ್ ತೆಗೆದುಕೊಂಡು, ಭದ್ರಾವತಿ ಬಿಟ್ಟು ಶಿವಮೊಗ್ಗದ ರಾಗಿಗುಡ್ಡದ ಈ ಮನೆಗೆ ಬಂದ ಹೊಸತರಲ್ಲೇ ಹೇಳಿದ್ದರು. "ಅವ್ವನ ಮಾತು ಮಾರಾಯ್ತಿ, ಏನ್ ಮಾಡೋದು. ಷಟರ್ ಇಳಿಸ್ಕೊಂಡು ಮಾಡು. ಗಿರಾಕಿಗಳ್ನ ನಾನ್ ನೋಡ್ಕೋತೀನಿ."

ಆಗಿನಿಂದ ಅತ್ತೆಯ ಜೊತೆ ಊಟಕ್ಕೆ ಕರೆಯುವಷ್ಟೇ ಮಾತು. ಅವರೂ ಅಷ್ಟೇ.

18-3-2001, ಭಾನುವಾರ

ಇವತ್ತು ಇವರು ಮನಸ್ಸಿಟ್ಟು ದುಡಿದರು. ಹಿಂದಿನ ಗೋಡೆಯ ಬುಡದಲ್ಲಿ ಇಟ್ಟಿಗೆ ಕಿತ್ತು ಜಾಲರಿ ಕೂರಿಸಿದರು. ಎದುರುಗಡೆ, ಮಾಡಿನ ಹತ್ತಿರ ಎಕ್ಸಾಸ್ಟ್ ಫ್ಯಾನು. ತಣ್ಣನೆ ಗಾಳಿ ಕೆಳಗಿಂದ ಬರುತ್ತದೆ, ಬಿಸಿ ಮೇಲಿಂದ ಹೋಗುತ್ತದೆ. ಶೀಟಿನ ಮೇಲೆ ತೆಂಗಿನ ಗರಿ ಹೊದಿಸಿ ನೀರು ಹೊಡೆದೆವು.

ಒಂದು ಕಿಟಕಿಯೂ ಇರಲಿ ಎಂದೆ.

"ಕಿಟಕಿ ಇಟ್ರೆ ರಸ್ತೆಗೆ ಕಾಣುತ್ತಲ್ಲ. ಅವ್ವ ಸುಮ್ನಿರ್ತಾಳಾ?"

ಬದಲಿಗೆ ಷಟರ್ ಒಳಗಡೆ ದಪ್ಪ ಪರದೆ ಕಟ್ಟಿಕೊಟ್ಟರು. ಏಣಿ ಮೇಲೆ ನಿಂತು ಬೆವರು ಒರೆಸಿಕೊಳ್ಳುತ್ತಿದ್ದವರನ್ನು ನೋಡಿ ಪಾಪ ಎನಿಸಿತು. ಕೆಲಸ ಬಿಟ್ಟ ಮೇಲೆ ಇಷ್ಟು ಹುಮ್ಮಸ್ಸು ನೋಡಿರಲಿಲ್ಲ. ನನಗೋಸ್ಕರ ತಾನೇ... ರಾತ್ರಿ ಇವರಿಗೆ ಇಷ್ಟ ಅಂತ ಅಕ್ಕಿರೊಟ್ಟಿ ಮಾಡಿದೆ.

27-3-2001, ಮಂಗಳವಾರ. ಮಧ್ಯಾಹ್ನ

ಕರೆಂಟ್ ಹೋಯಿತು, ಫ್ಯಾನ್ ನಿಂತಿತು. ಉಸಿರು ಕಟ್ಟಿದಂತಾಗಿ ಪರದೆ ಸರಿಸಿ ಷಟರ್ ಪೂರ್ತಿ ಎತ್ತಿದೆ. ಇವರು ತಾಮ್ರದ ತಂತಿ ತರಲು ಪೇಟೆಗೆ ಹೋಗಿದ್ದರು.

ಗೇಟಿನ ಮುಂದೆ ಆಟೋ. ಒಳಗೆ ಸುಟ್ಟುಹೋದ ಪಂಪ್‌ಸೆಟ್ ಮೋಟಾರು. ತಂದವರು ನವುಲೆ ಕಡೆಯವರು, ಏಕಾಂತಪ್ಪ ಅಂತ ಹೆಸರು ಹೇಳಿದರು.

"ಯೋಗಣ್ಣ ಇಲ್ವಾ ಅಮ್ಮ?"

"ಪೇಟೆಗೆ ಹೋಗಿದಾರೆ. ಇಲ್ಲೇ ಇಳಿಸಿ."

"ಅವ್ರು ಬಂದ್ ಮೇಲೆ ಹೇಳಿ, ಇದು ನಮ್ ತಮ್ಮಂದು. ಹೋದ್ ವರ್ಷ ಅವ್ರು ಕಟ್ಕೊಟ್ಟಿದ್ದು ನಮ್ಮನೇದು ಇವತ್ತಿಗೂ ಒಂದ್ ಸದ್ದಿಲ್ದೆ ಓಡ್ತಿದೆ. ಏನ್ ಕೈ ರೀ ನಿಮ್ಮೆಜಮಾನ್ರದ್ದು."

ಆ ಮೋಟಾರು ನೆನಪಿದೆ. ಕಟ್ಟಿದ್ದು ನಾನು. ಜ್ವರ ಬಂದಿತ್ತು, ಆದರೂ ಕೂತು ಕಟ್ಟಿದ್ದೆ.

ಅವರು ನನ್ನ ಕೈ ನೋಡಿದರು. ಮೊಣಕೈವರೆಗೆ ವಾರ್ನಿಷ್.

"ನೀವೂ ಹೆಲ್ಪ್ ಮಾಡ್ತೀರಾ? ಒಳ್ಳೇದು. ಒಳಗೆ ಯಾರ್ನೂ ಬಿಡಲ್ಲ ಅವ್ರು. ಧೂಳು ಬಿದ್ರೆ ತನ್ನ ಕೆಲ್ಸ ಕೆಡುತ್ತೆ ಅಂತಾರೆ."



ಅದೇ ದಿನ, ಸಂಜೆ

ಅತ್ತೆ ಹಿತ್ತಲಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದರು. ಹೋಗಿ ಕೇಳಿಯೇಬಿಟ್ಟೆ. "ನಾನು ಷಟರ್ ತೆಗ್ದು ಕೆಲ್ಸ ಮಾಡಿದ್ರೆ ನಿಮಗೇನು ತೊಂದ್ರೆ ಅತ್ತೆ?"

ಅವರು ಕೈ ನಿಲ್ಲಿಸಿದರು. "ನಂಗೇನೇ ತೊಂದ್ರೆ?"

"ಓಣಿಯವ್ರು ನೋಡಬಾರ್ದು ಅಂದಿದ್ರಂತೆ."

"ಯಾರು, ನಾನಾ? ನಿಂಗೇ ನಾಚ್ಕೆ ಅಂದ ಅವ್ನು. ಯಾರೂ ಆ ಕಡೆ ಬರಬಾರ್ದು, ಅತ್ತೇನೂ ಬರಬಾರ್ದು ಅಂತ ನೀನೇ ಹೇಳಿದ್ಯಂತೆ. ಅದಕ್ಕೇ ಒಂದಿನಾನೂ ಶೆಡ್ಡಿಗೆ ಕಾಲಿಟ್ಟಿಲ್ಲ ನಾನು. ನನ್ನ ಕಂಡ್ರೆ ಸೊಸೆಗೆ ಆಗಲ್ಲ ಅಂತ ತಿಳ್ಕೊಂಡಿದ್ದೆ."

ಪಕ್ಕದಲ್ಲಿ ಕೂತು ನಾನೂ ಹುಣಸೆಹಣ್ಣು ಬಿಡಿಸತೊಡಗಿದೆ. ಆಮೇಲೆ ಅವರು ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ನನಗೆ ಅಳು ಬರಲಿಲ್ಲ.

28-3-2001, ಬುಧವಾರ

ಕೇಳಿದೆ. ಇವರು ಪೇಪರಿನಿಂದ ತಲೆ ಎತ್ತದೆಯೇ ಹೇಳಿದರು.

"ಕಾರ್ಖಾನೆ ಫ್ರೆಂಡ್ಸು ಸಿಕ್ಕಿದಾಗೆಲ್ಲ ಈಗೇನು ಮಾಡ್ತಿದ್ದೀಯ ಅಂತಾರೆ. ಏನಂತ ಹೇಳ್ಲಿ? ಹೆಂಡ್ತಿ ದುಡೀತಾಳೆ, ನಾನು ತಂತಿ ತಂದ್ಕೊಡ್ತೀನಿ ಅಂತ ಹೇಳ್ಲಾ?"

"ಅದಕ್ಕೆ ಅತ್ತೆ ಹೆಸ್ರು ಯಾಕೆ ತಂದ್ರಿ?"

ಎದ್ದು ಚಪ್ಪಲಿ ಹಾಕಿಕೊಂಡರು. ಬಾಗಿಲಲ್ಲಿ ನಿಂತು — "ನಾನೊಬ್ನೇ ಅಲ್ಲ. ನಿಮ್ಮಪ್ಪಂಗೂ ಗೊತ್ತು. ಹೋಗಿ ಕೇಳು."

ಸುಳ್ಳು. ಇದೂ ಸುಳ್ಳೇ ಇರಬೇಕು.

1-4-2001, ಭಾನುವಾರ

ಭದ್ರಾವತಿಗೆ ಹೋಗಿ ಬಂದೆ. ಹಳೇನಗರದ ಅಂಗಡಿಯಲ್ಲಿ ಅಪ್ಪ ಒಬ್ಬನೇ ಇದ್ದ. ಕನ್ನಡಕ ಹಣೆಗೇರಿಸಿ, "ಏನ್ ಮಗ, ಹೇಳ್ದೆ ಕೇಳ್ದೆ ಬಂದಿದ್ಯಲ್ಲ," ಎಂದ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ನನ್ನ ಬೆರಳು ಹಿಡಿದು ಮೋಟಾರಿನ ಸಂದಿಗೆ ತಂತಿ ಕೂರಿಸುವುದು ಕಲಿಸಿದ್ದು ಇದೇ ಮೇಜಿನ ಮೇಲೆ.

ಸುತ್ತಿ ಬಳಸಿ ಕೇಳಲಿಲ್ಲ.

"ಹೂಂ. ಅವ್ನೇ ಬಂದು ಕೇಳ್ಕೊಂಡ," ಎಂದ ಅಪ್ಪ. "ಕೆಲ್ಸ ಬಿಟ್ಟು ಕೂತಿರೋ ಗಂಡಸು. ನಾನೂ ಇಲ್ಲಿಗೆ ಬರೋರಿಗೆ, ಶಿವಮೊಗ್ಗದಲ್ಲಿ ನಮ್ಮಳಿಯ ಚೆನ್ನಾಗಿ ಕಟ್ತಾನೆ, ಅಲ್ಲಿಗೆ ಹೋಗಿ ಅಂತ ಕಳಿಸ್ತೀನಿ. ಸಂಸಾರ ನೆಟ್ಟಗಿರ್ಲಿ ಅಂತ ಕಣವ್ವ. ಒಂದ್ ಹೆಸ್ರಲ್ಲಿ ಏನಿದೆ?"

"ಹಂಗಾದ್ರೆ ಈ ಅಂಗಡಿ ಬೋರ್ಡ್ ಮೇಲೆ ನಿನ್ ಹೆಸ್ರು ಯಾಕೆ ಬರ್ಸಿದೀಯ?"

ಅಪ್ಪ ಬೋರ್ಡಿನ ಕಡೆ ನೋಡಿದ. ಚೌಡಯ್ಯ ವೈಂಡಿಂಗ್ ವರ್ಕ್ಸ್.

"ಅದು ಬೇರೆ," ಎಂದ.

ಟೀ ತರಿಸಿದ. ಕುಡಿಯದೆ ಎದ್ದು ಬಂದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತ್ತು, ಮುಖಕ್ಕೆ ಗಾಳಿ ಹೊಡೆಯುತ್ತಿತ್ತು. ಗಂಡ ಹೇಳಿದ ಸುಳ್ಳಿಗೆ ಕೋಪ ಮಾಡಿಕೊಳ್ಳಬಲ್ಲೆ. ಇದಕ್ಕೆ ಏನು ಮಾಡಿಕೊಳ್ಳುವುದೋ ತಿಳಿಯಲಿಲ್ಲ. ಈ ಕೈಗೆ ಕಸುಬು ಕೊಟ್ಟವನೇ ಅಪ್ಪ. ಆ ಕೈ ನನ್ನದಲ್ಲ ಎಂದವನೂ ಅಪ್ಪನೇ.

7-4-2001, ಶನಿವಾರ

ಏಕಾಂತಪ್ಪನವರ ತಮ್ಮನ ಮೋಟಾರು ಕಟ್ಟದೆ ಹಾಗೇ ಬಿಟ್ಟುಬಿಡಬೇಕೆಂದಿದ್ದೆ. ಆದರೆ ಗದ್ದೆಗೆ ನೀರಿಲ್ಲ ಎಂದು ಆ ತಮ್ಮ ಎರಡು ಸಲ ಬಂದು ಹೋದ. ಕಟ್ಟಿದೆ.

ಇವತ್ತು ಒಯ್ಯಲು ಏಕಾಂತಪ್ಪನವರೇ ಬಂದರು. ಯೋಗರಾಜ್ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಮಾತಾಡುತ್ತಿದ್ದರು. ನಾನು ಷಟರ್ ಎತ್ತಿ ಹೊರಗೆ ಬಂದು ನಿಂತೆ.

"ಇದು ಕಟ್ಟಿದ್ದು ನಾನು. ಹೋದ ವರ್ಷದ್ದೂ ನಾನೇ."

ಏಕಾಂತಪ್ಪ ಯೋಗರಾಜ್ ಮುಖ ನೋಡಿದರು. ನಾನೂ ನೋಡಿದೆ. ಆ ಒಂದು ಕ್ಷಣ ನಿಜವಾಗಿ ಕಾದೆ. ಹೌದು ಎಂದಿದ್ದರೆ ಸಾಕಿತ್ತು. ಎಲ್ಲ ಅಲ್ಲಿಗೇ ಬಿಟ್ಟುಬಿಡುತ್ತಿದ್ದೆ.

ಅವರು ನಕ್ಕರು. "ಹೆಲ್ಪ್ ಮಾಡ್ತಾಳೆ. ಅಷ್ಟೋ ಇಷ್ಟೋ ಕಲ್ಸಿದೀನಿ."

ಕಲಿಸಿದ್ದಾರಂತೆ.

"ಸುಳ್ಳು ಹೇಳ್ಬೇಡ ಯೋಗ." ಜಗಲಿಯಿಂದ ಅತ್ತೆಯ ದನಿ. ಜೋರಾಗಿ ಹೇಳಲಿಲ್ಲ, ಆದರೆ ಎಲ್ಲರಿಗೂ ಕೇಳಿತು.

ಏಕಾಂತಪ್ಪ ಮೋಟಾರನ್ನು ಆಟೋಗೆ ಹಾಕಿಸಿದರು. ಹೊರಡುವ ಮುಂಚೆ ಒಂದು ಹೆಜ್ಜೆ ಹಿಂದೆ ಬಂದು ನನ್ನನ್ನೇ ಕೇಳಿದರು — "ಗ್ರೀಸ್ ಯಾವಾಗ ಹಾಕಿಸ್ಬೇಕಮ್ಮ?"

ಹೇಳಿದೆ. ಆಮೇಲೆ ಒಳಗೆ ಹೋಗಿ ಪರದೆ ಕಿತ್ತೆ.

29-4-2001, ಭಾನುವಾರ

ಬರೆದು ಬಹಳ ದಿನವಾಯಿತು.

ಯೋಗರಾಜ್ ಈಗ ಭದ್ರಾವತಿಯಲ್ಲಿ ಸ್ನೇಹಿತನೊಬ್ಬನ ಹಾರ್ಡ್‌ವೇರ್ ಅಂಗಡಿಗೆ ಹೋಗುತ್ತಾರೆ. ಬೆಳಿಗ್ಗೆ ಬಸ್ಸಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ತಪ್ಪಾಯಿತು ಎಂದಿಲ್ಲ. "ಗಿರಾಕಿ ಮುಂದೆ ನನ್ನ ಮರ್ಯಾದೆ ತೆಗ್ದೆ" ಎಂದದ್ದೇ ಕೊನೆಯ ಮಾತು.

ಷಟರ್ ತೆಗೆದೇ ಕೆಲಸ. ಗಾಳಿ ಆಡುತ್ತದೆ, ವಾರ್ನಿಷ್ ಬೇಗ ಒಣಗುತ್ತದೆ. ಮೊದಲ ಎರಡು ದಿನ ಓಣಿಯವರು ನಿಂತು ನೋಡಿದರು. ಈಗ ಅವರವರ ಮಿಕ್ಸಿ ತರುತ್ತಿದ್ದಾರೆ. ಅತ್ತೆ ಊಟವಾದ ಮೇಲೆ ಚಾಪೆ ತಂದು ಹತ್ತಿರ ಕೂರುತ್ತಾರೆ. ಇಷ್ಟು ದಿನ ಅತ್ತೆಯ ಮೇಲೆ ಸುಮ್ಮಸುಮ್ಮನೆ ಮುನಿದಿದ್ದೆನಲ್ಲ. ಆ ದಿನಗಳನ್ನು ಯಾರು ಹಿಂದಕ್ಕೆ ಕೊಡುತ್ತಾರೆ?

ತಂಪಾಗಿದೆ. ಆದರೂ ಮೊದಲಿನ ಖುಷಿ ಇಲ್ಲ. ತಂತಿ ಕೂರಿಸುವಾಗೆಲ್ಲ ಅಪ್ಪನ ಬೆರಳು ನೆನಪಾಗುತ್ತದೆ, ಕೈ ನಿಲ್ಲುತ್ತದೆ. ಪಕ್ಕದ ಮನೆಗೆ ಮೂರು ಸಲ ಫೋನ್ ಮಾಡಿದ್ದನಂತೆ. ಮಾತಾಡಲು ಹೋಗಲಿಲ್ಲ.

ಈಗ ಅತ್ತೆ ಬಂದು ಹೇಳಿದರು — "ನಿಮ್ಮಪ್ಪ ಬಂದಿದಾರೆ. ಗೇಟ್ ಹತ್ರ ನಿಂತಿದಾರೆ. ಕರೆದ್ರೂ ಒಳಗೆ ಬರ್ತಿಲ್ಲ. ನೀನೇ ಕರೀಬೇಕಂತೆ."

ಇಲ್ಲಿಂದಲೇ ಕಾಣುತ್ತಾನೆ. ಬಿಸಿಲಲ್ಲಿ, ಕೈಯಲ್ಲೊಂದು ಚೀಲ. ಸೊರಗಿದ್ದಾನೆ. ನನ್ನ ಹೆಸರು ಹಿಡಿದು ಕೂಗಲಿ, ಓಣಿಗೆಲ್ಲ ಕೇಳುವ ಹಾಗೆ. ಆಮೇಲೆ ಬೇಕಾದರೆ ಒಳಗೆ ಕರೆದೇನು.