ಹದಿನೆಂಟನೇ ನಂಬರಿನ ಕಾಗದ

ಜೂನ್ 12, ಸೋಮವಾರ. ಬೆಳಿಗ್ಗೆ

ಅಕ್ಕಾ, ಹೇಗಿದ್ದೀಯ? ಭಾವನ ಮಂಡಿನೋವು ಇಳಿಯಿತೇ? ಗುಂಡಣ್ಣನ ಕೆಮ್ಮು? ಸೊಸೆಯ ಹೊಟ್ಟೆಯಲ್ಲಿರುವುದು ಒದೆಯಲು ಶುರು ಮಾಡಿತೇ? ಬೆಕ್ಕು ಇನ್ನೂ ನಿನ್ನ ದಿಂಬಿನ ಮೇಲೇ ಮಲಗುತ್ತದೆಯೇ?

ಉತ್ತರ ಬರುವುದಿಲ್ಲ, ಗೊತ್ತು. ಇದು ನಿನಗೆ ಕಳಿಸುವ ಕಾಗದವಲ್ಲ, ಡೈರಿ. "ಪುಟ್ಟಿಯ ಮಾತು ಎತ್ತಿದರೆ ನಿನ್ನ ಕಾಗದ ಒಲೆಗೆ" ಅಂದವಳು ನೀನೇ. ನಮ್ಮ ತಂಗಿ ಪುಟ್ಟಿಯ ಮಾತೆತ್ತದೆ ಈ ಹೊಸ ಕೆಲಸದ ಬಗ್ಗೆ ಬರೆಯುವುದು ಹೇಗೆ? ಹಾಗಾಗಿ ಇಲ್ಲಿ.

ಹೈಸ್ಕೂಲಿನಲ್ಲಿ ಹೊಸ ವಿಷಯ — ಮೂಲನಿವಾಸಿ ಅಧ್ಯಯನ. ಸೋಮವಾರ, ಗುರುವಾರ, ಮೂರನೇ ಪೀರಿಯಡ್. ಪುಸ್ತಕದ ಪಾಠ ಹಿಸ್ಟರಿ ಮೇಷ್ಟ್ರದ್ದು, ಬದುಕಿನ ಪಾಠ ನನ್ನದು. ನಾಲ್ಕನೇ ಕ್ಲಾಸಿಗೆ ಓದು ನಿಂತು, ಉಳಿದದ್ದನ್ನು ಪೊಟ್ಟಣ ಕಟ್ಟಿದ ಪೇಪರಿನಲ್ಲಿ ಓದಿ ಕಲಿತವಳಿಗೆ ಸ್ಟಾಫ್ ರೂಮಿನಲ್ಲಿ ಕುರ್ಚಿ! ಕುರ್ಚಿಯ ಒಂದು ಕಾಲು ಕುಂಟು. ಇರಲಿ, ನನ್ನದೂ ಅಷ್ಟೇ.

ಇವತ್ತು ನೆಲದ ಹಕ್ಕುಪತ್ರದ ವಿಷಯ. ಚಾಕ್ ತಯಾರು. ಹೊರಟೆ.

ಅದೇ ದಿನ, ಸಂಜೆ

ಇಪ್ಪತ್ತನಾಲ್ಕು ಮಕ್ಕಳು. ಹಿಂದಿನ ಬೆಂಚಿನ ಉದ್ದನೆಯವನು ಕೈ ಎತ್ತಿದ.

"ಅಜ್ಜೀ, ನಿಮ್ಮ ಜನ ಈಗ್ಲೂ ಇದ್ದಾರಾ?"

"ಇಲ್ಲ ಮಗಾ. ನನ್ನನ್ನ ನಿಮ್ಮ ಪುಸ್ತಕದಿಂದ ಜೆರಾಕ್ಸ್ ಮಾಡಿಸಿ ಕಳಿಸಿದ್ದಾರೆ."

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಕಿಟಕಿ ಪಕ್ಕದ ಹುಡುಗಿ ಮಾತ್ರ ತಲೆ ತಗ್ಗಿಸಿದಳು. ನಮ್ಮವಳೇ. ಹೇಳಿಕೊಳ್ಳುವುದಿಲ್ಲ. ನಮ್ಮ ಮಾತು ಅವಳ ಅಜ್ಜಿಯ ಕಾಲಕ್ಕೇ ಮನೆಯಿಂದ ಹೋಗಿದೆಯಂತೆ. ನಾನೂ ಗುರುತು ತೋರಿಸಲಿಲ್ಲ.

ಜೂನ್ 19, ಸೋಮವಾರ

ಹಾಸ್ಟೆಲ್ಲಿನ ಪಾಠ. ಸರ್ಕಾರದ ಜೀಪಿನಲ್ಲಿ ನಮ್ಮ ಮಕ್ಕಳನ್ನು ತುಂಬಿಕೊಂಡು ಹೋದದ್ದು, ಕೂದಲು ಬೋಳಿಸಿದ್ದು, ಹೆಸರು ತೆಗೆದು ನಂಬರು ಕೊಟ್ಟದ್ದು. ನಾನು ಹದಿನೇಳು, ಪುಟ್ಟಿ ಹದಿನೆಂಟು. ನನಗೆ ಹತ್ತು ವರ್ಷ, ಅವಳಿಗೆ ಆರು.

ಬಾಯಲ್ಲಿ ಹೇಳಿದರೆ ಮಕ್ಕಳಿಗೆ ಅದು ಕಥೆಯಾಗಿಬಿಡುತ್ತದೆ. ಕೈಯಲ್ಲಿ ಮಾಡಿಸಬೇಕು. ಚೀಟಿ ಕತ್ತರಿಸಿ ಒಬ್ಬೊಬ್ಬರಿಗೂ ನಂಬರು ಹಂಚಿದೆ. ಒಂದರಿಂದ ಇಪ್ಪತ್ತೈದು, ಹದಿನೆಂಟು ಬಿಟ್ಟು. ಅದನ್ನು ಬರೆಯಲು ಕೈ ಬರಲಿಲ್ಲ ಅಕ್ಕ.

ಆಮೇಲೆ ಬೋರ್ಡಿನ ಮೇಲೆ ಕಾಗದ ಬರೆದೆ. ಪ್ರತಿ ತಿಂಗಳೂ ವಾರ್ಡನ್ ಬರೆಯುತ್ತಿದ್ದ ಅದೇ ಕಾಗದ — "ಅಪ್ಪ ಅಮ್ಮನಿಗೆ ನಮಸ್ಕಾರ. ನಾನು ಆರೋಗ್ಯವಾಗಿದ್ದೇನೆ. ಊಟ ಚೆನ್ನಾಗಿದೆ. ದಯವಿಟ್ಟು ನೋಡಲು ಬರಬೇಡಿ." ನಾವೆಲ್ಲ ನಕಲು ಮಾಡಿ, ಕೆಳಗೆ ನಂಬರು ಹಾಕಿ ಕೊಡುತ್ತಿದ್ದೆವು. "ನೀವೂ ಹಾಗೇ ಮಾಡಿ. ಕೆಳಗೆ ಜಾಗ ಬಿಟ್ಟು, ನಿಜವಾಗಿ ಏನು ಹೇಳ್ಬೇಕು ಅನ್ಸುತ್ತೋ ಅದನ್ನ ಬರೀರಿ" ಅಂದೆ.

ಗಲಾಟೆಯ ಕ್ಲಾಸು. ಪೆನ್ಸಿಲಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಜೂನ್ 20, ಮಂಗಳವಾರ

ಕಾಗದ ಎಣಿಸಿದೆ. ಇಪ್ಪತ್ತೈದು.

ಹದಿನೆಂಟನೇ ನಂಬರಿನದು ಒಂದಿದೆ. ವಾರ್ಡನ್ನನ ನಾಲ್ಕು ಸಾಲು, ಕೆಳಗೆ ಖಾಲಿ. ಯಾವುದೋ ತಲೆಹರಟೆಯ ಕೆಲಸ. ನಂಬರು ಬಿಟ್ಟಿದ್ದೇನೆಂದು ಕಂಡುಕೊಂಡು ಚೇಷ್ಟೆ ಮಾಡಿದ್ದಾರೆ. ಮಕ್ಕಳಲ್ಲವೇ.

ಅಕ್ಷರವೆಲ್ಲ ಬಲಕ್ಕೆ ಸವರಿಹೋಗಿದೆ. ಎಡಗೈಯಲ್ಲಿ ಬರೆಯುವವರದು ಹಾಗಾಗುತ್ತದೆ, ಅಂಗೈ ಬರೆದದ್ದರ ಮೇಲೇ ಉಜ್ಜುತ್ತಾ ಹೋಗಿ.

ಜೂನ್ 22, ಗುರುವಾರ

ನೋಡಿದೆ. ಕ್ಲಾಸಿನಲ್ಲಿ ಎಡಗೈಯವರು ಒಬ್ಬರೂ ಇಲ್ಲ.

ಜೂನ್ 26, ಸೋಮವಾರ

ಮತ್ತೆ ಅದೇ ಪಾಠ ಮಾಡಿಸಿದೆ. ಈ ಸಲ ಹಾಳೆ ನಾನೇ ಎಣಿಸಿ ಕೊಟ್ಟೆ, ಇಪ್ಪತ್ತನಾಲ್ಕು. ಬೆಂಚಿಂದ ಬೆಂಚಿಗೆ ಹೋಗಿ ನಾನೇ ವಸೂಲು ಮಾಡಿದೆ. ಮೇಷ್ಟ್ರು ಜೊತೆಗೇ ಎಣಿಸಿದರು.

"ಇಪ್ಪತ್ತೈದು ಇದೆಯಲ್ಲಮ್ಮ. ಒಂದು ಹೆಚ್ಚು ಕೊಟ್ಟಿರ್ತೀರ."

"ಇರ್ಬೇಕು ಮೇಷ್ಟ್ರೇ. ವಯಸ್ಸಾಯ್ತು."

ಹದಿನೆಂಟರ ಕಾಗದವನ್ನು ಸೆರಗಿನೊಳಗೆ ಇಟ್ಟುಕೊಂಡು ಬಂದೆ. ನಾಲ್ಕು ಸಾಲಿನ ಕೆಳಗೆ ಈ ಸಲ ಐದನೆಯದಿದೆ. ನಮ್ಮ ಮಾತಿನಲ್ಲಿ ಅಕ್ಕ. ಶಾಲೆಯ ಅಕ್ಷರ, ನಮ್ಮ ಮಾತು — ನಾನು ಮಂಚದ ಕೆಳಗೆ ಕೂತು ಅವಳಿಗೆ ಗುಟ್ಟಾಗಿ ಕಲಿಸಿದ ಹಾಗೆ. ಈ ಊರಿನಲ್ಲಿ ಆ ಮಾತು ಬಲ್ಲವಳು ನಾನೊಬ್ಬಳೇ.

"ನೀನು ನಿಲ್ಲಿಸಿದಲ್ಲೇ ನಿಂತಿದ್ದೇನೆ" ಎಂದಿದೆ.

ಜೂನ್ 27

ಬರೆಯಲಾಗಲಿಲ್ಲ.

ಜುಲೈ 2, ಭಾನುವಾರ

ಇಷ್ಟು ವರ್ಷ ನಿನಗೂ ಪೂರ್ತಿ ಹೇಳಿಲ್ಲ. ಈಗ ಹೇಳುತ್ತೇನೆ.

ನಮ್ಮಲ್ಲಿ ಮಕ್ಕಳಿಗೆ ಮೊದಲು ಕಲಿಸುವುದೇ ಅದಲ್ಲವೇ? ದೊಡ್ಡವರು ನಿಲ್ಲಿಸಿದ ಜಾಗ ಬಿಟ್ಟು ಕದಲಬಾರದು. ನಿಲ್ಲಿಸಿದವರೇ ಬಂದು ಕರೆಯಬೇಕು. ಕಾಡಿನಲ್ಲಿ ಮಕ್ಕಳು ಉಳಿದದ್ದು ಆ ಒಂದು ಮಾತಿನಿಂದ. ಹಾಸ್ಟೆಲ್ಲಿನಲ್ಲಿ ಪುಟ್ಟಿ ಹಾಸಿಗೆ ಒದ್ದೆ ಮಾಡಿದ ಬೆಳಿಗ್ಗೆ, ವಾರ್ಡನ್ ಹೊಡೆಯಬಾರದೆಂದು ಅವಳನ್ನು ಬಟ್ಟೆ ಒಗೆಯುವ ಮನೆಯ ಹಿಂದೆ ನಿಲ್ಲಿಸಿದೆ. "ಇಲ್ಲೇ ನಿಂತಿರು. ನಾನೇ ಬರ್ತೀನಿ. ಬೇರೆ ಯಾರು ಕರೆದ್ರೂ ಹೋಗ್ಬೇಡ." ಆ ಹೊತ್ತಿಗೆ ನನಗೆ ಜ್ವರ ನೆತ್ತಿಗೇರಿತ್ತು. ಎತ್ತಿಕೊಂಡು ಹೋಗಿ ಆಸ್ಪತ್ರೆಗೆ ಹಾಕಿದರು. ಅಲ್ಲಿಂದ ಅಪ್ಪ ಮನೆಗೆ ಕರೆತಂದ. ಪುಟ್ಟಿ ಎಲ್ಲಿ ಅಂದರೆ ಓಡಿಹೋದಳು ಅಂದರು.

ಓಡಿಹೋಗಿಲ್ಲ ಅಕ್ಕ. ಓಡುವ ಮಗುವಲ್ಲ ಅದು.

ಜುಲೈ 3, ಸೋಮವಾರ

ಮೇಷ್ಟ್ರು ಹಾಸ್ಟೆಲ್ಲಿನ ಹಳೆ ರಿಜಿಸ್ಟರಿನ ಜೆರಾಕ್ಸ್ ತಂದಿದ್ದರು. ಹದಿನೆಂಟರ ಮುಂದೆ ಒಂದೇ ಪದ, "ಓಡಿಹೋದಳು." ಸರ್ಕಾರ ಈಗ ಸತ್ತ ಮಕ್ಕಳ ಗುರುತು ಹುಡುಕಿಸುತ್ತಿದೆಯಂತೆ, ಹಾಸ್ಟೆಲ್ಲಿನ ಹಿತ್ತಲನ್ನೂ ಅಗೆಸುತ್ತಾರಂತೆ.

"ನನ್ನ ತಂಗೀನ?"

ಮೇಷ್ಟ್ರು ಕನ್ನಡಕ ಒರೆಸಿದರು. "ಓಡಿಹೋದವರನ್ನ ಹುಡುಕೋದಿಲ್ಲವಂತೆ ಅಮ್ಮ. ಬೇರೆ ಸಾಕ್ಷಿ ಬೇಕಂತೆ. ಯಾರಾದ್ರೂ ನೋಡಿದ್ದವರು... ಜಾಗ ತೋರ್ಸೋರು."

ಮೂರನೇ ಪೀರಿಯಡ್. ನಂಬರು ಹಂಚಿದೆ. ಉದ್ದನೆಯವನು ಗೊಣಗಿದ, "ಮತ್ತೆ ಕಾಗದಾನಾ ಅಜ್ಜಿ? ನಮ್ಮಮ್ಮಂಗೂ ನಾನು ಇಷ್ಟು ಬರ್ದಿಲ್ಲ." ಯಾರೂ ನಗಲಿಲ್ಲ.

ಬೆಲ್ ಆದಮೇಲೆ ಕಿಟಕಿ ಹುಡುಗಿ ನನ್ನ ಮುಂದೆ ಬಂದು ನಿಂತಳು.

"ಅಜ್ಜಿ, ನನ್ನ ಪಕ್ಕದ ಜಾಗ ಖಾಲಿ ಅಲ್ವಾ?"

"ಹೌದು."

"ಬರೆಯೋವಾಗ ಆ ಕಡೆ ಮೊಣಕೈ ತಗಲುತ್ತೆ. ಈ ಕಡೆಗೆ ಸರಿದು ಕೂತ್ರೂ ತಗಲುತ್ತೆ."

ಅವಳ ಎಡಕ್ಕೆ ಗೋಡೆ. ಬಲಕ್ಕೆ ಖಾಲಿ. ಬಲಗೈಯವಳ ಬಲಕ್ಕೆ ಎಡಗೈಯವರು ಕೂತರೆ ಮೊಣಕೈ ತಗಲುತ್ತದೆ. ಪುಟ್ಟಿಯ ಪಕ್ಕ ಕೂತಾಗ ನನಗೂ ಹಾಗೇ ತಗಲುತ್ತಿತ್ತು.

"ಹೆದರಿಕೆ ಆಗುತ್ತಾ ಮಗಳೇ?"

"ಇಲ್ಲ. ತಣ್ಣಗಿರುತ್ತೆ ಅಷ್ಟೇ. ಪಾಪ ಅನ್ಸುತ್ತೆ."

ಅದೇ ದಿನ, ಸಂಜೆ

ಇವತ್ತಿನ ಕಾಗದ ಉದ್ದವಿದೆ. ಸವರಿಹೋದದ್ದನ್ನು ಬೆಳಕಿಗೆ ಹಿಡಿದು ಓದಿದೆ.

"ಒಬ್ಬ ಬಂದ. ನಿನ್ನ ಅಕ್ಕ ಕಳಿಸಿದ್ದಾಳೆ, ಬಾ ಅಂದ. ನಾನು ಹೋಗಲಿಲ್ಲ. ನೀನೇ ಬರಬೇಕು ಅಂದಿದ್ದೆಯಲ್ಲ. ಅವನಿಗೆ ಸಿಟ್ಟು ಬಂತು. ಎತ್ತಿಕೊಂಡ. ಆಮೇಲೆ ನಾನು ನಡೆದಿಲ್ಲ, ಜಾಗ ಬಿಟ್ಟು ಹೋದದ್ದು ನಾನಲ್ಲ. ಬೈಯಬೇಡ."

ಬೈಯಬೇಡ ಅಂದಿದ್ದಾಳೆ ಅಕ್ಕ. ನನಗೆ.

ಜುಲೈ 5, ಬುಧವಾರ

ಹೆಡ್ ಮೇಡಂ ಕರೆಸಿದ್ದರು. ಮೇಜಿನ ಮೇಲೆ ಪೋಷಕರ ಅರ್ಜಿ. ಮಕ್ಕಳು ಮನೆಯಲ್ಲಿ ಊಟಕ್ಕೆ ಕೂತಾಗ "ಊಟ ಚೆನ್ನಾಗಿದೆ, ದಯವಿಟ್ಟು ನೋಡಲು ಬರಬೇಡಿ" ಅನ್ನುತ್ತಿದ್ದಾರಂತೆ. ನಿದ್ದೆಗಣ್ಣಿನಲ್ಲೂ.

"ಅಮ್ಮ, ನಿಮ್ಮ ಮೇಲೆ ಗೌರವ ಇದೆ. ಆದ್ರೆ ಈ ಕಾಗದದ ಆಟ ಸಾಕು. ಡ್ಯಾಮು, ಹಕ್ಕುಪತ್ರ, ಭಾಷೆ, ಏನು ಬೇಕಾದ್ರೂ ಹೇಳ್ಕೊಡಿ. ಇದು ಬೇಡ."

"ಇನ್ನೊಂದು ಸಲ ಮೇಡಂ. ನಾಳೆ ಒಂದು ಸಲ."

"ಒಂದೇ ಸಲದಲ್ಲಿ ಏನು ವ್ಯತ್ಯಾಸ ಆಗುತ್ತೆ?"

ಎಲ್ಲಿಗೆ ಎತ್ತಿಕೊಂಡು ಹೋದ ಎಂದು ಅವಳಿನ್ನೂ ಹೇಳಿಲ್ಲ, ಎನ್ನಲೇ? ಎನ್ನಲಿಲ್ಲ. ಪಾಠ ಅರ್ಧಕ್ಕೆ ನಿಲ್ಲಿಸಬಾರದು ಅಂದೆ. ಮೇಡಂ ಕ್ಯಾಲೆಂಡರ್ ನೋಡಿ, ನಾಳೆಯೇ ಕೊನೆ ಅಂದರು.

ಜುಲೈ 6, ಗುರುವಾರ. ಮೂರನೇ ಪೀರಿಯಡ್

ಕ್ಲಾಸಿನಲ್ಲೇ ಬರೆಯುತ್ತಿದ್ದೇನೆ. ಇವತ್ತು ಇಪ್ಪತ್ತಾರರವರೆಗೆ ಚೀಟಿ ಬರೆದು, ಹಂಚುವಾಗ ಹದಿನೇಳನ್ನು ನಾನು ಇಟ್ಟುಕೊಂಡೆ. ಹದಿನೆಂಟನ್ನೂ ಬರೆದೆ. ಕಿಟಕಿ ಹುಡುಗಿಯನ್ನು ಮುಂದಿನ ಬೆಂಚಿಗೆ ಕಳಿಸಿ, ಅವಳ ಜಾಗದಲ್ಲಿ ನಾನು ಕೂತೆ. ಬಲಕ್ಕಿರುವ ಖಾಲಿ ಜಾಗದ ಮುಂದೆ ಚೀಟಿ, ಹಾಳೆ, ಚೂಪು ಮಾಡಿದ ಪೆನ್ಸಿಲ್ ಇಟ್ಟೆ. ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದಾರೆ.

ಅಕ್ಕ, ನಿನಗೆ ಬರೆಯುವುದು ಇಲ್ಲಿಗೆ ಸಾಕು. ಇನ್ನು ಅವಳಿಗೆ.

ಪುಟ್ಟೀ. ನಿನ್ನನ್ನು ಬೈಯುವುದಿಲ್ಲ. ನೀನು ಕದಲಲಿಲ್ಲ, ನಾನೇ ಬರಲಿಲ್ಲ. ಅವನನ್ನು ನಾನು ಕಳಿಸಿದ್ದಲ್ಲ. ಇನ್ನು ಯಾರನ್ನೂ ಕಳಿಸುವುದಿಲ್ಲ, ನಾನೇ ಬರುತ್ತೇನೆ, ಕೈ ಹಿಡಿದು ಕರೆದುಕೊಂಡು ಹೋಗುತ್ತೇನೆ. ಎಲ್ಲಿ ಇಳಿಸಿದ ಹೇಳು. ಒಗೆಯುವ ಮನೆಯಿಂದ ಯಾವ ಕಡೆ? ಬಾವಿ ಕಾಣುತ್ತಿತ್ತೇ? ಮೇಲೆ ಮರವಿದೆಯೇ, ಕಲ್ಲೇ? ಅಷ್ಟು ಬರೆದರೆ ಸಾಕು, ಉಳಿದದ್ದನ್ನು ಈ ಅಕ್ಕ ನೋಡಿಕೊಳ್ಳುತ್ತಾಳೆ.

ಬೆಲ್ಲಿಗೆ ಎರಡು ನಿಮಿಷ. ಮಕ್ಕಳೆಲ್ಲ ಪೆನ್ಸಿಲ್ ಕೆಳಗಿಟ್ಟು ಕೈ ಕಟ್ಟಿ ಕೂತಿದ್ದಾರೆ. ಬರೆಯುವ ಸದ್ದು ನಿಂತಿಲ್ಲ. ನನ್ನ ಬಲ ಮೊಣಕೈ ತಣ್ಣಗಾಗುತ್ತಿದೆ. ತಿರುಗಿ ನೋಡುವುದಿಲ್ಲ, ನಿನಗೆ ನಾಚಿಕೆಯಾಗುತ್ತದೆ. ಬರೆ ಪುಟ್ಟೀ, ಬೇಗ ಬರೆ, ಬೆಲ್ ಹೊಡೆಯುವ ಮೊದಲೇ