ದೊಡ್ಡಣ್ಣನ ಅಂಗಿ

ಭಾನುವಾರ, ಮಧ್ಯಾಹ್ನ

ನಮ್ಮ ಮನೆಯವರಿಗೆ,

ನಮಸ್ಕಾರ. ಹೀಗೆ ಬರೆಯಬಹುದೋ ಬಾರದೋ ಎಂದು ಪೆನ್ನು ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದೆ. ನೀವು ಈ ಮನೆ ಬಿಟ್ಟು ಆರು ವರ್ಷವಾಯಿತು. ಆದರೂ ಹೊಲಿಗೆ ಅಂಗಡಿಗೆ ಬರುವ ಗಿರಾಕಿಗಳು ನಿಮ್ಮ ಬಗ್ಗೆ ಕೇಳಿದಾಗ ನನ್ನ ಬಾಯಿಗೆ ಬರುವುದು ಇದೊಂದೇ. ನಮ್ಮ ಮನೆಯವರು ಕೆಲಸದ ಮೇಲೆ ಬೇರೆ ಊರಿನಲ್ಲಿದ್ದಾರೆ ಅನ್ನುತ್ತೇನೆ. ಇಷ್ಟು ವರ್ಷವಾದರೂ ಮುಗಿಯದ ಅದೆಂಥ ಕೆಲಸವೋ ಎಂದು ಎದುರುಮನೆಯ ನರ್ಸು ಒಂದು ಸಲ ಕೇಳಿಯೇಬಿಟ್ಟಳು. ಅವಳ ಸ್ಕರ್ಟಿಗೆ ಜಿಪ್ಪು ಹಾಕಿಕೊಡುವುದನ್ನು ನಾಳೆ ನಾಳೆ ಎಂದು ಮುಂದೂಡಿ ಸೇಡು ತೀರಿಸಿಕೊಂಡೆ.

ವಿಳಾಸ ಕೊಟ್ಟದ್ದು ನಿಮ್ಮ ತಂಗಿ. ಅವಳನ್ನು ಬೈಯಬೇಡಿ, ಪಾಪ, ನಾನೇ ಜೀವ ತಿಂದು ತೆಗೆದುಕೊಂಡೆ. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೆಲಸ ಮಾಡುತ್ತಿದ್ದೀರಂತೆ, ಮಂಡಿನೋವಂತೆ. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಕೂಗಾಡುತ್ತೇನೆ, ನೀವು ಹ್ಞೂಂ ಅನ್ನುತ್ತೀರಿ, ಅಲ್ಲಿಗೆ ಮುಗಿಯಿತು. ಪತ್ರದಲ್ಲಾದರೆ ಕೂಗಾಟ ಕೇಳಿಸುವುದಿಲ್ಲ.

ವಿಷಯ ದೊಡ್ಡಣ್ಣನದು. ಹೆಸರು ಓದಿದ ಕೂಡಲೇ ಮಡಿಸಿ ಇಟ್ಟುಬಿಡಬೇಡಿ, ನಿಮ್ಮ ಕೈ ಹಿಡಿದು ಕೇಳಿಕೊಳ್ಳುತ್ತೇನೆ, ಪೂರ್ತಿ ಓದಿ.

ಟಿವಿ ಧಾರಾವಾಹಿಯಲ್ಲಿ ತಮ್ಮ ತಂಗಿಯರನ್ನು ಸಾಕಿ ಸಲಹಿ, ಊರಿಗೆಲ್ಲ ದೊಡ್ಡಣ್ಣನಾದ ನಮ್ಮ ಆ ನಟ ಈಗ ನಮ್ಮ ವಾರ್ಡಿನ ಕಾರ್ಪೊರೇಟರು. ನಾಲ್ಕು ವರ್ಷದ ಹಿಂದೆ ಗೆದ್ದರು. ಒಂದು ಕಾಲದಲ್ಲಿ ಸಾಬೂನಿನ ಜೊತೆ ಕೊಡುತ್ತಿದ್ದ ಅವರ ಒಂದು ಫೋಟೋಗಾಗಿ ಸಾಬೂನು ಮಾರುವವನ ಮುಂದೆ ಹಲ್ಲುಗಿಂಜಿದವಳು ನಾನು. ಈಗ ಬಸ್ ನಿಲ್ದಾಣದ ಮೇಲೆ, ನೀರಿನ ಟ್ಯಾಂಕರಿನ ಮೇಲೆ, ಕೊನೆಗೆ ಕಸದ ತೊಟ್ಟಿಯ ಮೇಲೂ ಅವರೇ ನಗುತ್ತಾರೆ. ಅವರ ಮುಖಕ್ಕೇ ಬಾಳೆಸಿಪ್ಪೆ ಎಸೆಯಬೇಕಾದ ಪರಿಸ್ಥಿತಿ ಬಂದಿದೆ. ಮಂಗಳವಾರ ಅವರ ಆಫೀಸಿನ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ. ಚರಂಡಿ ಕಟ್ಟಿದೆ, ದೀಪ ಉರಿಯುತ್ತಿಲ್ಲ ಎಂದು ಯಾರು ಬೇಕಾದರೂ ಹೋಗಿ ಗದರಿಸಬಹುದು. ನಾನು ಮಾತ್ರ ಒಂದು ಸಲವೂ ಹೋಗಿರಲಿಲ್ಲ. ಅಷ್ಟು ಸುಲಭವಾಗಿ ಸಿಗುವ ದೊಡ್ಡಣ್ಣ ನನಗೆ ಬೇಕಿರಲಿಲ್ಲ.

ಹೋದ ತಿಂಗಳು ಅವರ ಕಡೆಯ ಸಹಾಯಕನೊಬ್ಬ ಅಂಗಡಿಗೆ ಬಂದ. ಮನೆಯೊಳಗೂ ಕಪ್ಪು ಕನ್ನಡಕ ತೆಗೆಯದ ಜಾತಿಯವನು. ಚುನಾವಣೆ ಮತ್ತೆ ಹತ್ತಿರ ಬರುತ್ತಿದೆಯಂತೆ, ಆಫೀಸಿನ ಮುಂಭಾಗದ ಕೋಣೆಯಲ್ಲಿ ಅವರ ಕಲಾಜೀವನದ ಪ್ರದರ್ಶನ ಇಡುತ್ತಾರಂತೆ. ನಿಮ್ಮ ಹತ್ತಿರ ಇರೋ ಅಷ್ಟು ಸಾಮಾನು ಯಾರ ಹತ್ರಾನೂ ಇಲ್ವಂತಲ್ಲ ಅಮ್ಮ, ಅವರ ಮನೇಲೂ ಇಲ್ಲ ಅಂದ. ನಿಜ ಹೇಳುತ್ತೇನೆ, ಆ ಮಾತು ಕೇಳಿ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಎಷ್ಟೋ ವರ್ಷದಿಂದ ನನ್ನನ್ನು ಯಾರೂ ಏನನ್ನೂ ಕೇಳಿಕೊಂಡು ಬಂದಿರಲಿಲ್ಲ. ಪ್ಯಾಂಟಿನ ಉದ್ದ ಕಡಿಮೆ ಮಾಡಿಕೊಡಿ ಅನ್ನುವುದನ್ನು ಬಿಟ್ಟು.

ಶೋಕೇಸಿನ ಸಾಮಾನನ್ನೆಲ್ಲ ಹತ್ತಿಬಟ್ಟೆಯಲ್ಲಿ ಸುತ್ತಿದೆ. ನೀಲಿ ಅಂಚಿನ ಗಾಜಿನ ಲೋಟ, ದೊಡ್ಡಣ್ಣ ಶೂಟಿಂಗಿನ ನಡುವೆ ಟೀ ಕುಡಿದದ್ದು. ಬಾಚಣಿಗೆ, ಹಲ್ಲುಗಳ ನಡುವೆ ಸಿಕ್ಕಿದ್ದ ಕೂದಲನ್ನು ತೆಗೆಯದೆ ಹಾಗೇ ಇಟ್ಟಿದ್ದೆ. ಮುಖ ಒರೆಸಿದ ಟವೆಲು, ಮಸಿ ಮುಗಿದ ಪೆನ್ನು. ಎಲ್ಲಕ್ಕಿಂತ ಮೇಲೆ ಆ ಕೆನೆಬಣ್ಣದ ಅಂಗಿ. ಆಗ ಕೆಲಸಕ್ಕಿದ್ದ ಸ್ಟುಡಿಯೋದ ಕ್ಯಾಂಟೀನಿನಿಂದ ಒಂದೊಂದಾಗಿ ನೀವು ಕಾಗದದಲ್ಲಿ ಸುತ್ತಿ ತಂದವು. ಅಂಗಿಯ ಬಲಭುಜ ಸವೆದು ಬಟ್ಟೆ ಜಾಲರಿಯಾಗಿತ್ತಲ್ಲ, ಅದಕ್ಕೂ ನನ್ನ ಹತ್ತಿರ ಕಥೆ ಇತ್ತು. ಧಾರಾವಾಹಿಯಲ್ಲಿ ಕಾಲಿಲ್ಲದ ತಂಗಿಯನ್ನು ದೊಡ್ಡಣ್ಣ ಆ ಭುಜದ ಮೇಲೇ ಹೊತ್ತು ತಿರುಗಿದ್ದು ಎಂದು ಬಂದವರಿಗೆಲ್ಲ ಹೇಳುತ್ತಿದ್ದೆ. ಕೇಳಿದವರು ಕಣ್ಣೊರೆಸಿಕೊಳ್ಳುತ್ತಿದ್ದರು. ನೀವು ಮಾತ್ರ ಆ ಹೊತ್ತಿಗೆ ಸರಿಯಾಗಿ ಅಡುಗೆಮನೆಗೆ ಎದ್ದು ಹೋಗುತ್ತಿದ್ದಿರಿ.

ಪ್ರದರ್ಶನದ ದಿನ ಕೋಣೆ ತುಂಬ ಜನ. ನನಗೆ ಮುಂದಿನ ಸಾಲಿನಲ್ಲಿ ಕುರ್ಚಿ. ದೊಡ್ಡಣ್ಣ ಬಂದರು. ಗಿಡ್ಡ, ಕಣ್ರೀ! ನನ್ನ ಕಿವಿಯ ಮಟ್ಟಕ್ಕೆ ಬರುತ್ತಾರೆ. ಟಿವಿಯಲ್ಲಿ ಮರದ ಪೆಟ್ಟಿಗೆಯ ಮೇಲೆ ನಿಲ್ಲಿಸುತ್ತಿದ್ದರಂತೆ. ಆದರೆ ಧ್ವನಿ ಅದೇ. ಅವರು ಗಾಜಿನ ಮೇಜಿನ ಪಕ್ಕದಲ್ಲಿ ನಿಧಾನವಾಗಿ ನಡೆದು, ನನ್ನ ಕೈಬರಹದ ಚೀಟಿಗಳನ್ನು ಓದುತ್ತಾ ಬಂದರು. ಅಷ್ಟರಲ್ಲಿ ಫೋಟೋದವರು ಆ ಅಂಗಿ ಹಾಕ್ಕೊಳ್ಳಿ ಸಾರ್, ಒಂದು ಫೋಟೋ ಅಂತ ಗಂಟುಬಿದ್ದರು. ಸಹಾಯಕ ತೊಡಿಸಿಯೇಬಿಟ್ಟ.

ತೋಳುಗಳು ಅವರ ಬೆರಳನ್ನೆಲ್ಲ ನುಂಗಿಬಿಟ್ಟವು. ಅಂಗಿಯ ಅಂಚು ಮಂಡಿಗೆ ಇಳಿಯಿತು. ಜನ ನಕ್ಕರು, ಅವರೂ ನಕ್ಕರು, ಟಿವಿ ಬಿಟ್ಟ ಮೇಲೆ ಇಳಿದುಹೋಗಿದ್ದೀನಿ ಅಂತ ತಮಾಷೆ ಮಾಡಿದರು. ನಾನು ಎದ್ದು ಹೋದೆ. ಕೈ ಕೇಳಬೇಕಲ್ಲ. ತೋಳನ್ನು ಒಳಕ್ಕೆ ಮಡಿಚಿ, ಭುಜ ಎಳೆದು ಸರಿಮಾಡಲು ಹೋದೆ. ಎಡಭುಜ ಕೂತಿತು. ಬಲಭುಜ ಕೂರಲಿಲ್ಲ. ಹೊಲಿಗೆಯ ಗೆರೆಯೇ ಕೆಳಗೆ ಜಗ್ಗಿಹೋಗಿತ್ತು, ಸವೆತ ಅಗಲವಾದ ಪಟ್ಟಿಯ ಹಾಗೆ ಬೆನ್ನಿನ ಕಡೆಗೆ ಓರೆಯಾಗಿ ಹರಿದಿತ್ತು. ಮನುಷ್ಯರನ್ನು ಹೊತ್ತರೆ ಬಟ್ಟೆ ಹಾಗೆ ಸವೆಯುವುದಿಲ್ಲ. ದಿನಾ ಭುಜಕ್ಕೆ ನೇತುಹಾಕಿಕೊಳ್ಳುವ ಟೀ ಡ್ರಮ್ಮಿನ ಪಟ್ಟಿಗೆ ಸವೆಯುತ್ತದೆ. ನಿಮ್ಮ ಆ ಇಳಿದ ಭುಜಕ್ಕೆ ಇಪ್ಪತ್ತು ವರ್ಷ ಅಂಗಿ ಹೊಲಿದವಳು ನಾನು. ಕತ್ತರಿಸುವಾಗ ಬಲಗಡೆ ಎಷ್ಟು ಇಳಿಸಬೇಕು ಎಂದು ಚಾಕ್‌ಪೀಸಿಗೇ ಗೊತ್ತಿತ್ತು.

ಹುಟ್ಟಿದಾಗಿನಿಂದ ಕಂಡಕಂಡದ್ದಕ್ಕೆಲ್ಲ ಟೇಪು ಹಿಡಿಯುವವಳು, ಈ ಒಂದು ಅಂಗಿಗೆ ಮಾತ್ರ ಹಿಡಿಯಲಿಲ್ಲ. ದೊಡ್ಡಣ್ಣನ ಅಂಗಿಗೆ ಅಳತೆ ನೋಡುವುದು ಎಂಥ ಉದ್ಧಟತನ ಎಂದುಕೊಂಡಿದ್ದೆ. ಹಿಡಿದಿದ್ದರೆ ಅದೇ ದಿನ ನಿಮ್ಮ ಕಿವಿ ಹಿಂಡುತ್ತಿದ್ದೆ. ನಿಮ್ಮ ಮೈಮೇಲೂ ಅದನ್ನು ನೋಡಿದ ನೆನಪಿಲ್ಲ. ಕ್ಯಾಂಟೀನಿನವರು ಕೊಟ್ಟ ಕೆಲಸದ ಅಂಗಿಯೆಂದು ಅಲ್ಲೇ ಹಾಕಿ ಅಲ್ಲೇ ಬಿಚ್ಚಿಡುತ್ತಿದ್ದಿರಾ?

ಜನ ಕರಗಿದ ಮೇಲೆ ದೊಡ್ಡಣ್ಣ ನನ್ನ ಪಕ್ಕದ ಕುರ್ಚಿಗೆ ಬಂದು ಕೂತರು. ಅಮ್ಮಾ, ಬೇಜಾರು ಮಾಡ್ಕೋಬೇಡಿ, ಇದ್ಯಾವ್ದೂ ನಂದಲ್ಲ ಅಂದರು, ಮೆಲ್ಲಗೆ. ನಾನು ಟೀ ಮುಟ್ಟೋದೇ ಇಲ್ಲ, ಹೊಟ್ಟೆ ಉರಿ, ಮನೆಯಿಂದ ಬಿಸಿನೀರು ತಗೊಂಡು ಹೋಗ್ತಿದ್ದೆ ಅಂದರು. ಬಾಚಣಿಗೆಯ ವಿಷಯಕ್ಕೆ ಬಂದಾಗ ಟೋಪಿ ತೆಗೆದು ತಲೆ ತೋರಿಸಿದರು. ಬೋಳು. ಆಗಿನಿಂದಲೂ ವಿಗ್ಗಂತೆ. ಕ್ಯಾಂಟೀನಿನವರನ್ನು ಸೆಟ್ಟಿನೊಳಗೆ ಬಿಡುತ್ತಲೇ ಇರಲಿಲ್ಲ, ಡ್ರಮ್ಮನ್ನು ಗೇಟಿನ ಹೊರಗೇ ಇಳಿಸಿಕೊಳ್ಳುತ್ತಿದ್ದರು ಎಂದೂ ಹೇಳಿದರು. ಅಂದರೆ ನೀವು ಅವರನ್ನು ಹತ್ತಿರದಿಂದ ಒಂದು ದಿನವೂ ನೋಡಿಲ್ಲ!

ನನಗೆ ನೀವು ಆ ಕೆಲಸಕ್ಕೆ ಸೇರಿದ ದಿನದ ಸಂಜೆ ನೆನಪಾಯಿತು. ಬಂದವರನ್ನು ಚಪ್ಪಲಿ ಬಿಡಲೂ ಬಿಡದೆ, ದೊಡ್ಡಣ್ಣನನ್ನು ನೋಡಿದಿರಾ, ಮಾತಾಡಿದಿರಾ ಎಂದು ಬಾಗಿಲಲ್ಲೇ ಹಿಡಿದುಕೊಂಡಿದ್ದೆ. ನೀವು ಒಂದು ಗಳಿಗೆ ತಡೆದು ಹ್ಞೂಂ ಅಂದಿರಿ. ನಾನು ಆವತ್ತು ನಿಮ್ಮನ್ನು ಹೇಗೆ ನೋಡಿದೆನೋ, ಮದುವೆಯಾದಾಗಿನಿಂದ ಹಾಗೆ ನೋಡಿರಲಿಲ್ಲವೇನೋ. ಆ ನೋಟಕ್ಕಾಗಿ ತಾನೇ ಮನುಷ್ಯಾ, ನಿಮ್ಮ ಲೋಟ, ನಿಮ್ಮ ಬಾಚಣಿಗೆ, ನಿಮ್ಮ ಮೈಮೇಲಿನ ಅಂಗಿ, ಒಂದೊಂದನ್ನೇ ಬೇರೆಯವರ ಹೆಸರಿಗೆ ಬರೆದುಕೊಟ್ಟು ಬಂದದ್ದು?

ಅದನ್ನು ನೆನೆಸಿದರೆ ಅಳು ಬರುತ್ತದೆ. ಸಿಟ್ಟೂ ಬರುತ್ತದೆ, ಮುಚ್ಚಿಡುವುದಿಲ್ಲ. ಜ್ವರ ಬಂದು ಮನೆಯಲ್ಲಿದ್ದ ದಿನ ನೀವೇ ಟೀ ಕಾಯಿಸಿಕೊಂಡು, ಆ ನೀಲಿ ಅಂಚಿನ ಲೋಟ ತೆಗೆದು ಕಿಟಕಿಯ ಹತ್ತಿರ ಕುಡಿಯುತ್ತಾ ಕೂತಿದ್ದಿರಿ. ನಾನು ಕಿತ್ತುಕೊಂಡು ಬಚ್ಚಲಿಗೆ ಸುರಿದೆ. ದೊಡ್ಡಣ್ಣನ ಲೋಟ ಮುಟ್ಟೋಕೆ ನೀವ್ಯಾರು ಅಂದೆ. ಅದು ನಂದೇ ಕಣೇ ಅನ್ನಬಾರದಿತ್ತೇ? ಒಂದು ಮಾತು! ಲೋಟ ನನ್ನ ತಲೆಗೆ ಎಸೆದಿದ್ದರೂ ಬಾಧಕವಿರಲಿಲ್ಲ. ನೀವು ಬಾಯಿ ಒರೆಸಿಕೊಂಡು ಸುಮ್ಮನೆ ಒಳಗೆ ಹೋದಿರಿ. ಮುಂದಿನ ವಾರ ತಂಗಿಯ ಮನೆಗೆಂದು ಹೊರಟವರು ತಿರುಗಿ ಬರಲಿಲ್ಲ. ಒಬ್ಬ ನಟನ ಮೇಲೆ ಇಷ್ಟು ಹೊಟ್ಟೆಕಿಚ್ಚೇ ಎಂದು ನಾನು ಜಂಬದಿಂದ ಕಾದೆ. ಆಮೇಲೆ ಜಂಬ ಹೋಯಿತು, ಕಾಯುವುದು ಉಳಿಯಿತು.

ದೊಡ್ಡಣ್ಣ ಒಳ್ಳೆಯವರೇ. ಇದ್ದದ್ದು ಇರಲಿ, ಇಲ್ಲೇ ಬಿಟ್ಟುಹೋಗಿ ಅಂದರು. ಯಾರಿಗ್ ಗೊತ್ತಾಗುತ್ತೆ, ನೋಡಿದವರಿಗೂ ಖುಷಿ, ನಿಮಗೂ ಮರ್ಯಾದೆ ಅಂತ ಸಹಾಯಕ ಒಗ್ಗರಣೆ ಹಾಕಿದ. ದೊಡ್ಡಣ್ಣ ಅವನನ್ನು ಹೊರಗೆ ಕಳಿಸಿ, ನನ್ನ ಮನೇಲಿ ನಂದು ಅಂತ ಒಂದು ಕರವಸ್ತ್ರಾನೂ ಯಾರೂ ಹೀಗೆ ಜೋಪಾನ ಮಾಡಿಲ್ಲಮ್ಮ, ಸುಳ್ಳಾದ್ರೂ ನಂದೇ ಅಂತ ಇರ್ಲಿ ಅಂದರು. ಆ ಮಾತು ಚುನಾವಣೆಯದಾಗಿರಲಿಲ್ಲ. ಕನಿಕರವಾಯಿತು. ಅವರ ಹೆಸರಿನ ಚೀಟಿಗಳ ಜೊತೆ ಎಲ್ಲವನ್ನೂ ಅಲ್ಲೇ ಬಿಟ್ಟು ಬಂದಿದ್ದರೆ ಊರಿನಲ್ಲಿ ನಾನು ಇವತ್ತಿಗೂ ದೊಡ್ಡಣ್ಣನ ಸಾಮಾನಿನ ಯಜಮಾನಿ.

ಆದರೆ ನಾನು ಎದ್ದು ಚೀಟಿಗಳನ್ನೆಲ್ಲ ಕಿತ್ತೆ. ಪ್ರದರ್ಶನ ನೋಡಲು ಬಂದು ಇನ್ನೂ ಬಾಗಿಲಲ್ಲಿ ನಿಂತಿದ್ದ ಎದುರುಮನೆಯ ನರ್ಸಿನ ಮುಂದೆ, ಆ ಕಪ್ಪು ಕನ್ನಡಕದವನ ಮುಂದೆ, ಇವು ನಮ್ಮ ಮನೆಯವರ ಸಾಮಾನು, ಇಲ್ಲಿ ಇಡೋಕಾಗಲ್ಲ ಅಂದೆ. ಗಟ್ಟಿಯಾಗಿಯೇ ಅಂದೆ. ಬಟ್ಟೆಯಲ್ಲಿ ಸುತ್ತಿ ಆಟೋದಲ್ಲಿ ತಂದೆ. ಈಗ ಬೀದಿಯಲ್ಲೆಲ್ಲ ಅದೇ ಮಾತು. ಗಂಡನ ಬಾಚಣಿಗೆಗೆ ದಿನಾ ಧೂಳು ಒರೆಸುತ್ತಿದ್ದಳಂತೆ ಎಂದು ನಗುತ್ತಾರೆ. ನಗಲಿ. ಬೇರೆಯವರ ಗಂಡನದ್ದೇನೂ ಒರೆಸಲಿಲ್ಲವಲ್ಲ.

ಇಲ್ಲಿ ಮನೆ ಬಹಳ ದೊಡ್ಡದಾಗಿಬಿಟ್ಟಿದೆ. ಎರಡೇ ಕೋಣೆ, ಆದರೂ ದೊಡ್ಡದು. ಅಂಗಡಿಯ ಗೊಂಬೆಯ ಹತ್ತಿರ ಮಾತಾಡುತ್ತೇನೆ, ಅದಕ್ಕೂ ನಿಮ್ಮ ಹಾಗೆಯೇ ಬಾಯಿಲ್ಲ. ಊಟಕ್ಕೆ ಕೂತಾಗ ತಟ್ಟೆಯ ಸದ್ದು ಕೇಳಿಸಬಾರದೆಂದು ನಲ್ಲಿ ಬಿಟ್ಟುಕೊಳ್ಳುತ್ತೇನೆ. ಒಂಟಿತನ ಅಂದರೆ ಇದೇ ಎಂದು ಬರೆದರೆ ನಿಮಗೆ ನಗು ಬರಬಹುದು, ಆದರೆ ಇದೇ. ಒಂದು ಸಲ ಬಂದು ಹೋಗಿ. ಬಂದವರು ಹೋಗಲೇಬೇಕೆಂದೇನೂ ಇಲ್ಲ. ಜಗಳವಾಡುವುದಾದರೆ ಎದುರಿಗೆ ಕೂತು ಆಡೋಣ, ಈ ಸಲ ನೀವೂ ನಾಲ್ಕು ಮಾತು ಆಡಬೇಕು.

ಮಂಡಿಗೆ ಬಿಸಿನೀರಿನ ಶಾಖ ಕೊಡಿ, ಉದಾಸೀನ ಮಾಡಬೇಡಿ. ನಿಮ್ಮ ತಂಗಿಗೆ ನೆನಪು ತಿಳಿಸಿ.

ಬಾಯಲ್ಲಿ ಸದಾ ಪಿನ್ನು ಕಚ್ಚಿಕೊಂಡಿರುತ್ತಾಳೆಂದು ನೀವೇ ಹೆಸರಿಟ್ಟು ಕರೆಯುತ್ತಿದ್ದ,

ನಿಮ್ಮ ಗುಂಡುಸೂಜಿ

ತಾ.ಕ.: ಒಂದು ವಿಷಯ ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ನೀವು ಮನೆ ಬಿಟ್ಟ ತಿಂಗಳೇ ನಮ್ಮ ಟಿವಿ ಕೆಟ್ಟಿತು. ನಾನು ರಿಪೇರಿಗೆ ಕೊಡಲಿಲ್ಲ. ಆ ಧಾರಾವಾಹಿಯಲ್ಲಿ ದೊಡ್ಡಣ್ಣನ ಕಥೆ ಕೊನೆಗೆ ಏನಾಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ, ಯಾರನ್ನೂ ಕೇಳಲೂ ಇಲ್ಲ. ಬರುವಾಗ ದಯವಿಟ್ಟು ನನಗೆಂದು ಏನನ್ನೂ ತರಬೇಡಿ. ಬರಿಗೈಯಲ್ಲಿ ಬನ್ನಿ, ಬಾಗಿಲಲ್ಲಿ ನಿಲ್ಲಿಸಿಕೊಂಡು ಏನೂ ಕೇಳುವುದಿಲ್ಲ.